ಬೇಲಿ ಹಾರಿದ ಬಸಳೆ

ಈ ಪರದೇಶದ ಪಾಪಕುರಾ ಊರಿನ ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ತೊರೆಯಿದೆ. ಅದರ ದಂಡೆಯ ಮರಗಳ ಮೇಲೆ ಬಸಳೆ ಹಬ್ಬಿರುವುದು ಕಣ್ಣಿಗೆ ಬಿದ್ದಾಗ ನನಗೆ ಆರು ತಿಂಗಳು. ಬಸುರಿಯ ಬಾಯಿಗೆ ಹಿಡಿಸುವಂಥದ್ದು ಈ ಊರಲ್ಲಿ ಒಂದೂ ಇಲ್ಲವೆಂದು ವಾರಗಟ್ಟಲೆ ಗೊಣಗಿದ್ದವಳಿಗೆ ದೇವರೇ ಸೊಪ್ಪು ಕಳಿಸಿದಂತಾಯಿತು. ದಪ್ಪ ಎಲೆ, ಮುರಿದರೆ ಲೋಳೆ. ಗುರುತಿಗೆ ಇನ್ನೇನು ಬೇಕು? ಮಡಿಲು ತುಂಬ ಕಿತ್ತು ತಂದೆ, ಎರಡು ಬಳ್ಳಿ ಹಿತ್ತಲಲ್ಲೂ ನೆಟ್ಟೆ. ತೊಗರಿಬೇಳೆ ಹಾಕಿ ಹುಳಿ ಮಾಡಿ, ಎರಡೆರಡು ಸಲ ಬಡಿಸಿಕೊಂಡು ಉಂಡೆ.

ಕೈತೊಳೆದು ಹಿತ್ತಲಿಗೆ ಬಂದರೆ ಪಕ್ಕದ ಮನೆಯ, ಇಲ್ಲಿಯವರೇ ಆದ ಆಂಟಿ ಬೇಲಿಯ ಮೇಲಿಂದ ಇಣುಕುತ್ತಿದ್ದರು. ತೊರೆಯ ದಂಡೆಯ ಕಳೆ ಕೀಳುವ ಗುಂಪಿನವರು ಅವರು. ನಾನು ನೆಟ್ಟದ್ದನ್ನು ನೋಡಿ ಹಾವು ಕಂಡವರ ಹಾಗೆ ಕಿರುಚಿದರು. ಅದು ಬಸಳೆಯಲ್ಲವಂತೆ, ಮಡೀರಾ ವೈನ್ ಎಂಬ ಕಳೆಬಳ್ಳಿಯಂತೆ. ಯಾರೋ ದಕ್ಷಿಣ ಅಮೆರಿಕದಿಂದ ತೋಟದ ಅಂದಕ್ಕೆಂದು ತಂದದ್ದು ಬೇಲಿ ಹಾರಿ ಊರೆಲ್ಲ ಹಬ್ಬಿತಂತೆ. ಕಾಂಡದ ಮೇಲೆಲ್ಲ ಪುಟ್ಟ ಗಡ್ಡೆಗಳು. ಒಂದು ಉದುರಿದರೆ ಅಲ್ಲೊಂದು ಬಳ್ಳಿ. ಮರ ಹತ್ತಿ, ಬಿಸಿಲು ಮುಚ್ಚಿ, ಮರವನ್ನೇ ಕೊಲ್ಲುತ್ತದಂತೆ. ನೆಡುವುದೇ ಕಾನೂನಿಗೆ ವಿರುದ್ಧವಂತೆ.

ನಾನಿದನ್ನು ಈಗಷ್ಟೇ ಉಂಡೆ ಅಂದೆ. ಆಂಟಿಯ ಕಣ್ಣು ನನ್ನ ಹೊಟ್ಟೆಗೆ ಹೋಯಿತು.

“ಯು ಏಟ್ ಇಟ್?” ಅಂದರು.

ಮರವನ್ನೇ ಬಿಡದ ಬಳ್ಳಿ ಹೊಟ್ಟೆಯೊಳಗಿನ ಕೂಸನ್ನು ಬಿಟ್ಟೀತೇ? ಒಳಗೆ ಓಡಿ, ವಿಷದ ಬಗ್ಗೆ ಸಲಹೆ ಕೊಡುವ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಒಂದು ನಿಮಿಷ ನೋಡಿ ಹೇಳುತ್ತೇನೆ ಅಂದರು. ಆ ನಿಮಿಷ ಮುಗಿಯಲೇ ಇಲ್ಲ.

ಗಂಡ ಎಲ್ಲ ಕೇಳುತ್ತ ನಿಂತಿದ್ದ. ಇದ್ದಕ್ಕಿದ್ದಂತೆ ಪಾತ್ರೆಯಲ್ಲಿ ಉಳಿದಿದ್ದ ಹುಳಿಯನ್ನು ತಟ್ಟೆಗೆ ಸುರಿದುಕೊಂಡು ತಿನ್ನತೊಡಗಿದ. ಬಸಳೆಯ ಲೋಳೆ ಕಂಡರೆ ಮೂಗು ಮುರಿಯುವ ಪ್ರಾಣಿ ಅದು. ಆಗಷ್ಟೇ ಬರೀ ಮೊಸರನ್ನ ಉಂಡು ಎದ್ದಿತ್ತು.

“ಏನೋ ಮಾಡ್ತಿದ್ದೀಯ?”

“ನಿಮ್ಮಿಬ್ರಿಗೆ ಏನಾಗತ್ತೋ ನಂಗೂ ಅದೇ ಆಗ್ಲಿ ಬಿಡು.”

“ಎಲ್ಲಾರೂ ಬಿದ್ಕೊಂಡ್ರೆ ಆಸ್ಪತ್ರೆಗೆ ಕಾರ್ ಓಡ್ಸೋರು ಯಾರೋ, ಪೆದ್ದ?”

ಅವನು ಇನ್ನೊಂದು ತುತ್ತು ಬಾಯಿಗಿಟ್ಟ. ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು.

ಅಷ್ಟರಲ್ಲಿ ಫೋನಿನವರು ಮರಳಿ ಬಂದರು. ಅದೂ ಬಸಳೆಯ ಕುಲದ್ದೇ ಅಂತೆ, ಬೇಯಿಸಿದ ಎಲೆಯನ್ನು ಜನ ತಿನ್ನುತ್ತಾರಂತೆ, ಗಾಬರಿ ಬೇಡವಂತೆ. ಹೋದ ಜೀವ ಬಂದಂತಾಯಿತು. ಬೇಲಿಯಾಚೆ ಕಾದಿದ್ದ ಆಂಟಿಗೆ ಕಿಟಕಿಯಿಂದ ಕೂಗಿ ಹೇಳಿದ್ದಾಯಿತು. ಅವರೂ ಉಸಿರು ಬಿಟ್ಟು, ಬಳ್ಳಿ ಮಾತ್ರ ಇವತ್ತೇ ಕೀಳಬೇಕು, ಒಂದು ಗಡ್ಡೆಯೂ ಉಳಿಯಬಾರದು ಅಂದರು. ಆಗಲಿ ಅಂದೆ. ಅಂಗಳವನ್ನೇ ಅಗೆ ಅಂದಿದ್ದರೂ ಅಗೆಯುತ್ತಿದ್ದೆ.

ತಿರುಗಿ ನೋಡಿದರೆ ಗಂಡ ತಟ್ಟೆಯ ಮುಂದೆ ಕೂತೇ ಇದ್ದ. ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದ.

“ಹಾಗಾದ್ರೆ, ಇದನ್ನ ಇನ್ನೂ ತಿನ್ಲೇಬೇಕಾ?” ಅಂದ.