ಸೇರದ ಕವಲು

ನಾವು ಶ್ರೀರಂಗಪಟ್ಟಣದ ಬಡಗಿಗಳು. ನಮ್ಮೂರಿನ ಪಡುವಣ ಮೂಲೆಯಲ್ಲಿ ಕಾವೇರಿ ಎರಡಾಗಿ ಒಡೆಯುತ್ತಾಳೆ, ಕೋಟೆಯನ್ನು ನಡುವೆ ಇಟ್ಟುಕೊಂಡು ಹರಿದು ಮೂಡಣದ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಬೇರೆ ಬೇರೆ ದಡ ಹಿಡಿದು ಹೊರಟವರು ‘ಸಂಗಮದಲ್ಲಿ ಸಿಗಾಣ’ ಎಂದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಹೊಳೆಯೆಂದರೆ ಹೀಗೇ ಎಂದು ನಂಬಿದ್ದೆ. ನನ್ನ ಜಂಬಕ್ಕೆ ಏನು ಹೇಳಲಿ.

ಅವ್ವ ನಾಗಮಂಗಲದ ಕಡೆಯವಳು, ಕೆರೆ ನೀರು ಕುಡಿದು ಬೆಳೆದವಳು. ಮದುವೆಯಾಗಿ ಬಂದಂದಿನಿಂದ ಈ ಹೊಳೆ ಎಲ್ಲಿ ಮುಗಿಯುತ್ತದೆಂದು ನೋಡುವ ಆಸೆ ಅವಳಿಗೆ. ಲಡಾಯಿ ನಿಂತು ದಾರಿ ತೆರೆದ ವರ್ಷ, ತುಲಾ ಮಾಸದಲ್ಲಿ ಅಲ್ಲೇ ಒಂದು ಮುಳುಗು ಹಾಕಬೇಕೆಂದು ಹಟ ಹಿಡಿದಳು. ಇಬ್ಬರೂ ಹೊರಟೆವು. ನಮ್ಮಲ್ಲಿ ಬಂಡೆಗೆ ಬಡಿದು ಗದ್ದಲ ಮಾಡುವ ಕಾವೇರಿ ತಂಜಾವೂರಿನ ಸೀಮೆಯಲ್ಲಿ ಸದ್ದಿಲ್ಲದೆ ಗದ್ದೆ ಗದ್ದೆಗೂ ನೀರು ಹಂಚುತ್ತಿದ್ದಳು. ಕಣ್ಣು ಹಾಯುವಷ್ಟೂ ಹಸಿರು. ಬಾಯಿ ಬಿಟ್ಟುಕೊಂಡು ನೋಡಿದೆ.

ಅಲ್ಲೊಂದು ಕಡೆ ಹೊಳೆ ಕವಲೊಡೆಯಿತು. ಅವ್ವನ ಕಾಲು ಊದಿತ್ತು. ಬಡಗಣ ಕವಲಿನ ದಡದಲ್ಲಿ ಹೊರಟಿದ್ದ ಯಾತ್ರಿಕರ ಗಾಡಿಯಲ್ಲಿ ಒಬ್ಬರಿಗೆ ಜಾಗವಿತ್ತು. ತೆಂಕಣ ದಡದಲ್ಲಿ ನನಗೆ ಎರಡು ದಿನ ದೋಣಿಯ ಹಲಗೆ ಕೂಡಿಸುವ ಕೆಲಸ ಸಿಕ್ಕಿತ್ತು.

“ನೀನು ಗಾಡೀಲಿ ಓಗವ್ವ, ಮುಂದೆ ಕವ್ಲು ಸೇರೋ ತಾವ ಸಿಗ್ತೀನಿ,” ಎಂದೆ.

“ಊಂ ಕಣ್ಲಾ, ಕಾಯ್ತಿರ್ತೀನಿ,” ಎಂದಳು.

ಕೆಲಸ ಮುಗಿಸಿ ಎರಡು ದಿನ ನಡೆದೆ. ಕವಲು ಸೇರಲೇ ಇಲ್ಲ. ಸಂಗಮ ಎಲ್ಲಿ ಎಂದು ಅರೆಬರೆ ಅರವ ಮಾತಿನಲ್ಲಿ ಒಬ್ಬ ಅಂಬಿಗನನ್ನು ಕೇಳಿದರೆ ಅವನು ನನ್ನ ಮುಖವನ್ನೇ ನೋಡಿದ. ಇಲ್ಲಿ ಒಡೆದ ಕವಲು ಸೇರುವುದಿಲ್ಲ, ಒಂದೊಂದೂ ತನ್ನ ಪಾಡಿಗೆ ಸಮುದ್ರಕ್ಕೆ ಹೋಗುತ್ತದೆ ಎಂದ. ಆ ಸೀಮೆಯ ಮಾತು ಬಾರದ ಮುದುಕಿಯನ್ನು, ಇಲ್ಲದ ಸಂಗಮದಲ್ಲಿ ಕಾಯಲು ಕಳಿಸಿಬಿಟ್ಟಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳ.

ಯಾತ್ರಿಕರ ಗಾಡಿ ಹೋಗುವುದು ಬಡಗಣ ಕವಲು ಕಡಲು ಸೇರುವ ಅಳಿವೆಗೆ, ಸಮುದ್ರ ಒಂದೇ ತಾನೆ, ತೀರ ಹಿಡಿದು ಬಡಗಣಕ್ಕೆ ನಡೆ ಎಂದು ಅಂಬಿಗನೇ ದಾರಿ ತೋರಿಸಿದ. ನಡೆದೆನೋ ಓಡಿದೆನೋ. ಉಪ್ಪು ಗಾಳಿ, ಕಾಲು ಹೂತುಹೋಗುವ ಮರಳು. ಮರುದಿನ ಮಧ್ಯಾಹ್ನ ಕಾವೇರಿಯ ಅಳಿವೆ ಕಂಡಿತು. ನಮ್ಮೂರಲ್ಲಿ ಹರಿಗೋಲಿಲ್ಲದೆ ದಾಟಲಾಗದ ಹೊಳೆ ಅಲ್ಲಿ ಹತ್ತಿಪ್ಪತ್ತು ಮಾರು ಅಗಲ. ದಾರಿಯುದ್ದಕ್ಕೂ ಕೊಟ್ಟು ಕೊಟ್ಟು ಉಳಿದದ್ದು ಅಷ್ಟೇ. ಅಲೆ ಎದುರಿಗೆ ನುಗ್ಗಿ ಬಂದರೂ ಆ ಸಣ್ಣ ನೀರು ಹಿಂದೆ ಸರಿಯದೆ ಸಮುದ್ರ ಸೇರುತ್ತಿತ್ತು. ಅಂಥ ಆತಂಕದಲ್ಲೂ ನನ್ನ ಕೈ ತಾನಾಗಿ ಮುಗಿಯಿತು.

ಅಳಿವೆಯ ಮರಳಿನ ಮೇಲೆ ಅವ್ವ ಕುಳಿತಿದ್ದಳು. ಗಾಡಿಯವರು ಮಿಂದು ಮೂರು ದಿನದ ಹಿಂದೆಯೇ ಹೊರಟುಹೋಗಿದ್ದರು. ಬೆಸ್ತರ ಹೆಂಗಸೊಬ್ಬಳು ದಿನವೂ ಗಂಜಿ ತಂದುಕೊಟ್ಟಿದ್ದಳಂತೆ. ಅವ್ವನ ಸೀರೆಯ ಅಂಚು ಕೂಡ ಒದ್ದೆಯಾಗಿರಲಿಲ್ಲ.

“ಇಷ್ಟು ದೂರ ಬಂದು ಮುಳುಗ್ನಿಲ್ವೇನವ್ವ?” ಎಂದೆ.

“ಎಂಗ್ಲಾ ಮುಳುಗ್ಲಿ? ನೀನು ಎಲ್ಲಾರ ಕೊಚ್ಕೊಂಡೋಗಿದ್ರೆ ಈ ನೀರಲ್ಲೇ ತಾನೆ ಬರ್ಬೇಕು? ಮೂರು ದಿನದಿಂದ ತೇಲ್ಬಂದಿದ್ದನ್ನೆಲ್ಲ ನೋಡ್ತಾ ಕುಂತಿವ್ನಿ,” ಎಂದಳು.

ಅವಳ ಕಾಲು ಹಿಡಿದು ಅತ್ತುಬಿಟ್ಟೆ. ಆಮೇಲೆ ಕೈ ಹಿಡಿದು ನೀರಿಗೆ ಇಳಿಸಿದೆ.