ಭಾವನವರ ಹಾಯಿದೋಣಿ

ಭಾಗ್ಯಶ್ರೀ, ಮಲ್ಲು, ನಿಮ್ಮ ಟ್ರಾಲಿ ಅಜ್ಜ ನನಗೆ ಹೇಳಬೇಕಾದದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದರು. ನೀವು ನಗುತ್ತೀರಿ. ಆ ಮನೆಯಲ್ಲಿ ಬಾಳಿದವಳಿಗೆ ಅದು ನಗುವ ವಿಷಯವಾಗಿರಲಿಲ್ಲ.

ಅವರು ನನ್ನ ಗಂಡನ ಅಣ್ಣ, ನನಗೆ ಭಾವ. ತಮ್ಮನ ಹೆಂಡತಿ ಭಾವನ ಎದುರು ಕೂಡಬಾರದು, ಮುಖವೆತ್ತಿ ಮಾತಾಡಬಾರದು ಎಂಬುದು ನಮ್ಮ ಮನೆಯ ರೂಢಿ. ನನ್ನ ಗಂಡ, ಅಂದರೆ ನಿಮ್ಮ ಸ್ವಂತ ಅಜ್ಜ, ಇರುವವರೆಗೆ ನಡುವೆ ನಿಂತು ಇಬ್ಬರ ಮಾತನ್ನೂ ದಾಟಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಲ್ಲೋಳಿಯ ಮನೆಯಲ್ಲಿ ಉಳಿದವರು ನಾವಿಬ್ಬರು, ಮತ್ತು ಬಾಗಿಲ ಬಳಿ ಕಟ್ಟಿದ್ದ ಗೌರಿ ಎಂಬ ಎಮ್ಮೆ. ಭಾವ ಮದುವೆಯಾಗಿರಲಿಲ್ಲ. ಇಂಥವರಿಗೆ ಯಾರು ಹೆಣ್ಣು ಕೊಟ್ಟಾರು ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

"ಗೌರಿ, ಒಳಗ ಚಹಾ ಆತೇನ ಕೇಳು," ಎನ್ನುತ್ತಿದ್ದರು ಪಡಸಾಲೆಯಿಂದ.

"ಗೌರಿ, ನೀ ಇನ್ನೂ ಹಾಲ ಕೊಟ್ಟಿಲ್ಲಂತ ಹೇಳು," ಎನ್ನುತ್ತಿದ್ದೆ ನಾನು ಒಳಗಿನಿಂದ.

"ಹಾಲ ಹಿಂಡಾಕ ಕೈ ಬೇಕಂತ ತಿಳಿಸು. ಬಾಯಿಲೆ ಹಿಂಡಾಕ ಬರೂದಿಲ್ಲ."

ಮಂದಿಯ ಎದುರು ನನಗೆ ಮಾತು ಹೊರಡುವುದಿಲ್ಲ. ಎಮ್ಮೆಯ ಎದುರು ಹೊರಡುತ್ತಿತ್ತು.

ಭಾವ ಎತ್ತರದ ಆಳು. ಯಾವಾಗಲೂ ಬಿಗಿದ ತುಟಿ, ಮೊಣಕೈವರೆಗೆ ವೆಲ್ಡಿಂಗ್ ಕಿಡಿಯ ಕಲೆಗಳು. ಮೂಡಲಗಿಯಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಕಟ್ಟುತ್ತಿದ್ದರು. ವಯಸ್ಸಾಗಿ ಶೆಡ್ ಮುಚ್ಚಿದ ಮೇಲೆ ದಿನವಿಡೀ ಪಡಸಾಲೆಯಲ್ಲೇ ಕೂತರು. ಅವರು ಅಲ್ಲಿದ್ದಷ್ಟು ಹೊತ್ತು ನಾನು ನನ್ನದೇ ಮನೆಯಲ್ಲಿ ತಲೆತುಂಬ ಸೆರಗು ಹೊದ್ದು ಹಿತ್ತಲ ಬಾಗಿಲಿನಿಂದ ತಿರುಗಾಡಬೇಕಿತ್ತು. ನಾನು ಹಳೆಯ ಅರಿವೆ ಕೂಡಿಸಿ ಕೌದಿ ಹೊಲಿಯುವವಳು. ಆ ಮನೆಯಲ್ಲಿ ಒಳ್ಳೆಯ ಬೆಳಕು ಬೀಳುವುದು ಪಡಸಾಲೆಗೆ ಮಾತ್ರ. ಅಡುಗೆಮನೆಯ ಕತ್ತಲಲ್ಲಿ ಬೆರಳಿಗೆ ಸೂಜಿ ಚುಚ್ಚಿಕೊಂಡಾಗಲೆಲ್ಲ ಅವರನ್ನು ಶಪಿಸಿದ್ದೇನೆ.

ಒಂದು ದಿನ ಲಾರಿಯ ಮೇಲೆ ಹಳೆಯ ಹಾಯಿದೋಣಿಯೊಂದು ಬಂದು ನಮ್ಮ ಅಂಗಳದಲ್ಲಿ ಇಳಿಯಿತು. ಕೊಂಕಣದ ಕಡೆ ಯಾರೋ ಬೇಡವೆಂದು ಬಿಟ್ಟದ್ದಂತೆ.

"ಕಾಕಾ, ಕಲ್ಲೋಳಿಗೆ ಸಮುದ್ರ ಯಾವಾಗ ಬರತೈತ್ರಿ?" ಎಂದು ಬಾಜೂ ಮನೆಯವನು ಕೇಳಿದ.

"ಹಿಡಕಲ್ ಡ್ಯಾಮಿನ ಹಿನ್ನೀರಿನ್ಯಾಗ ಇರಾಂವ ನಾ. ದಸರಾದಿಂದ ಹೋಳಿತನಕ. ಭೂಮಿ ಮ್ಯಾಲಿನ ಕೆಲವು ಮಾರಿ ನೋಡಿ ನೋಡಿ ಸಾಕಾಗೈತಿ."

ಯಾರ ಮುಖವೆಂದು ಓಣಿಗೆಲ್ಲ ತಿಳಿಯಿತು. ನನಗೆ ಸಿಟ್ಟಿಗಿಂತ ಆಸೆಯೇ ಹೆಚ್ಚು ಬಂತು. ದೋಣಿ ತೇಲಿದರೆ ಅರ್ಧ ವರ್ಷ ಪಡಸಾಲೆ ನನ್ನದು.

ಕೊಳೆತ ಹಲಗೆ ಕಿತ್ತು ಜಾಲಿಯ ಹಲಗೆ ಕೂಡಿಸಿದರು. ಸಂದಿಗೆ ಹತ್ತಿ ತುರುಕಿ ರಾಳ ಮೆತ್ತಿದರು. ಒಳಗೆ ಮಲಗಲು ಮಂಚ, ಸ್ಟೋ ಇಡಲು ಕಟ್ಟೆ, ಮೇಲೆ ತಾಡಪತ್ರಿಯ ಮಾಡು. ಕೆಲಸ ಚೊಕ್ಕವಾಗಿತ್ತು, ಅದನ್ನು ಇಲ್ಲವೆನ್ನಲಾರೆ. ಹಾಯಿ ಮಾತ್ರ ಮುಟ್ಟಿದಲ್ಲಿ ಹರಿಯುತ್ತಿತ್ತು. ಹೊಸ ಕ್ಯಾನ್ವಾಸ್ ತಂದರೆ, ಅಷ್ಟು ದಪ್ಪ ಅರಿವೆ ಮಷೀನಿಗೆ ಹತ್ತುವುದಿಲ್ಲವೆಂದು ಗೋಕಾಕಿನ ದರ್ಜಿ ತಿರುಗಿ ಕಳಿಸಿದ. ಕೆಲಸ ನಿಂತಿತು. ನನ್ನ ಪಡಸಾಲೆಯ ಆಸೆಯೂ ನಿಂತಿತು.

"ಗೌರಿ," ಎಂದೆ, "ಹಾಯಿ ಹೊಲಿಯಾಕ ಈ ಮನ್ಯಾಗ ಒಬ್ಬರಿಗೆ ಬರತೈತಂತ ಹೇಳು."

"ಯಾಕ ಹೊಲೀತಾರಂತ ಕೇಳು."

"ಲಗೂ ಹೋಗ್ಲಿ ಅಂತ."

"ಖರೆ ಹೇಳಿದ್ರು ಅಂತ ಹೇಳು," ಎಂದು ಅರಿವೆಯ ಸುರುಳಿಯನ್ನು ಒಳಗೆ ಎಸೆದರು.

ಕೌದಿಯ ಹೊಲಿಗೆಯನ್ನೇ ಎರಡೆರಡು ಸಾಲು ಹಾಕಿದೆ. ಅಷ್ಟು ಹುರುಪಿನಿಂದ ನಾನು ಯಾವ ಕೂಸಿನ ಕೌದಿಯನ್ನೂ ಹೊಲಿದಿಲ್ಲ.

ದಸರೆ ಮುಗಿದ ಮೇಲೆ ಟ್ರ್ಯಾಕ್ಟರಿಗೆ ಕಟ್ಟಿ ದೋಣಿಯನ್ನು ಹಿಡಕಲ್ಲಿಗೆ ಒಯ್ದರು. ಹಾಯಿ ಏರಿಸುವಾಗ ಹೊಲಿಗೆ ನೋಡಬೇಕೆಂದು ನಾನೂ ಹೋದೆ. ದೋಣಿ ತೇಲಿತು. ಡ್ರೈವರ್ ಚಹಾಕ್ಕೆಂದು ಊರೊಳಗೆ ಹೋದ. ಭಾವ ಕಾಯುವ ಆಳಲ್ಲ, ಒಬ್ಬರೇ ಹೊರಟರು.

ಹಾಯಿಯ ಹಗ್ಗವನ್ನು ಕೈಯಲ್ಲೇ ಹಿಡಿದಿರಬೇಕು, ಗಾಳಿ ಜೋರಾದರೆ ಸಡಿಲ ಬಿಡಬೇಕು ಎಂದು ದೋಣಿ ಕೊಟ್ಟವನು ಹೇಳಿದ್ದನಂತೆ. ಭಾವ ಕಬ್ಬಿನ ಟ್ರಾಲಿಗೆ ಹೇರು ಬಿಗಿಯುವ ಗಂಟನ್ನೇ ಹಾಕಿಬಿಟ್ಟಿದ್ದರು. ಎಳೆದಷ್ಟೂ ಬಿಗಿಯುವ ಗಂಟು. ಗಾಳಿ ಬೀಸಿತು. ನನ್ನ ಹಾಯಿ ಉಬ್ಬಿತು, ಹರಿಯಲಿಲ್ಲ. ದೋಣಿ ಒಂದು ಮಗ್ಗುಲಿಗೆ ವಾಲಿ ನೀರು ಒಳಗೆ ನುಗ್ಗತೊಡಗಿತು. ಈಜು ಬಾರದ ಮನುಷ್ಯ ಎರಡೂ ಕೈಯಿಂದ ಗಂಟಿನ ಜೊತೆ ಒದ್ದಾಡುತ್ತಿದ್ದರು. ಹೊರಡುವಾಗ ಸೊಂಟಕ್ಕೆ ಕುಡಗೋಲು ಸಿಕ್ಕಿಸಿಕೊಂಡದ್ದನ್ನು ನಾನು ನೋಡಿದ್ದೆ. ಅವರಿಗೆ ಅದರ ನೆನಪಿರಲಿಲ್ಲ.

ದಂಡೆಯಲ್ಲಿ ನಾನೊಬ್ಬಳೇ. ಮಾತು ದಾಟಿಸಲು ಮನುಷ್ಯರಿಲ್ಲ, ಎಮ್ಮೆಯೂ ಇಲ್ಲ. ಸೆರಗನ್ನು ಹೆಗಲಿಗೆ ಇಳಿಸಿ ಕೂಗಿದೆ. "ಭಾವಾರ, ಹಗ್ಗ ಕೊಯ್ರಿ. ಕುಡಗೋಲಿಲೆ ಕೊಯ್ರಿ."

ಕೊಯ್ದರು. ಹಾಯಿ ಪಟಪಟ ಬಡಿಯಿತು, ದೋಣಿ ನೆಟ್ಟಗಾಯಿತು. ಕೋಲು ಊರುತ್ತ ದಂಡೆಗೆ ಬಂದು, ತೊಯ್ದ ಧೋತರದಲ್ಲಿ ನನ್ನೆದುರು ನಿಂತರು.

"ನನ್ನ ಕರದೇನ?"

"ಕರದೇರಿ."

"ನಿನ್ನ ಗಂಟಲಾ ಗೌರಿಗಿಂತ ಜೋರೈತಿ."

"ಗೌರಿ ಆಗಿದ್ರ ಸುಮ್ನ ನೋಡಕೋಂತ ನಿಂತಿರ್ತಿತ್ರಿ."

"ಊರಾಗ ಹೇಳಬ್ಯಾಡ."

"ಮೊದಲ ಅದನ್ನ ಹೇಳಾಕಿ ನಾ."

ಹೊಸ ಹಗ್ಗ ಒಯ್ಯಲು ಅವರೂ ಊರಿಗೆ ಮರಳಿದರು. ಮರುದಿನ ಬೆಳಗ್ಗೆ ನಾನು ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂತೆ. ಬರಿ ತಲೆಯಲ್ಲಿ. ಮಾತೇ ಆಗಿಹೋದ ಮೇಲೆ ಇನ್ನು ಸೆರಗು ಯಾಕೆ?

"ಅಲ್ಲಿ ನಾ ಕುಂದ್ರತಿದ್ದೆ," ಎಂದರು ಬಾಗಿಲಲ್ಲಿ ನಿಂತು.

"ಆ ಬಾಜೂಕ ಕುಂದ್ರಿ. ಬೆಳಕಿಗೆ ಅಡ್ಡ ಬರಬ್ಯಾಡ್ರಿ."

ಗುರುಗುಟ್ಟುತ್ತ ಕೂತರು.

ಆಮೇಲೆ ನಮ್ಮಲ್ಲಿ ಪ್ರೀತಿ ಹುಟ್ಟಿತೆಂದು ತಿಳಿಯಬೇಡಿ. ಜಗಳ ನೇರವಾಯಿತು, ಅಷ್ಟೇ. ದಸರೆಗೆ ದೋಣಿಗೆ ಹೋಗುವವರು, ಹೋಳಿಗೆ ನೀರು ಇಳಿದಾಗ ಮನೆಗೆ ಬರುವವರು. ಬಂದ ದಿನವೇ ಪಲ್ಯದ ಉಪ್ಪಿನಿಂದ ಶುರು. ನಾನೂ ಬಿಡುತ್ತಿರಲಿಲ್ಲ.

ಕಡೆಯ ಸಲ ಕಂಡದ್ದು ಒಂದು ಸಂಕ್ರಾಂತಿಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿದ್ದೆ. ದೋಣಿಯ ಅಂಚಿಗೆ ಕೂತು ಒಂದನ್ನು ಮುರಿದರು. ಮುರಿದ ಸದ್ದು ಕೇಳಿ ನನ್ನ ಮುಖ ನೋಡಿದರು.

"ರೊಟ್ಟಿ ತಗಡಿನ ಪತ್ರಾ ಆಗ್ಯಾವ. ವೆಲ್ಡಿಂಗ್ ಮಾಡಬೇಕು."

ಅಷ್ಟರಲ್ಲಿ ತಿರುಗಿ ಹೋಗುವ ಬಸ್ಸು ಬಂತು, ಉತ್ತರ ಕೊಡದೆ ಹತ್ತಿದೆ. ಗೋಕಾಕ ದಾಟುವಾಗ ಒಳ್ಳೆಯ ಉತ್ತರವೊಂದು ಹೊಳೆಯಿತು. ಹೋಳಿಗೆ ಬರಲಿ, ಹೇಳುತ್ತೇನೆ ಎಂದು ಇಟ್ಟುಕೊಂಡೆ. ಕೆಲವೇ ದಿನಕ್ಕೆ, ದೋಣಿಯಲ್ಲಿ ಮಲಗಿದವರು ಬೆಳಗ್ಗೆ ಏಳಲಿಲ್ಲವೆಂದು ಅಲ್ಲಿಯ ಮೀನುಗಾರರು ಹೇಳಿಕಳಿಸಿದರು.

ಆ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಅದು ಎದುರೆದುರು ಹೇಳುವ ಮಾತು. ಉಳಿದದ್ದನ್ನು ಬರೆದಿದ್ದೇನೆ. ಸತ್ತವರೆಂದು ಊರವರು ಈಗ ಅವರನ್ನು ಮೆತ್ತಗೆ ಮಾಡಿ ಹೇಳುತ್ತಾರೆ. ಅವರು ಮೆತ್ತಗಿರಲಿಲ್ಲ, ನಾನೂ ಇರಲಿಲ್ಲ. ಈ ಹಾಳೆಗಳನ್ನು ಇಲಿಗೆ, ನೀರಿಗೆ ಸಿಗದ ಕಡೆ ಇಟ್ಟುಕೊಳ್ಳಿ, ಮಕ್ಕಳೇ.