ಹಿಂದಿನ ಚಕ್ರಕ್ಕೆ ದೇವರ ತುಪ್ಪ

ಬೋರಣ್ಣ ನನ್ನ ಗಂಡನ ತಮ್ಮ. ನಮ್ಮ ಹಟ್ಟಿಯ ದೇವರೆತ್ತುಗಳ ಕಿಲಾರಿ. ದೇವರ ಹೆಸರಿಗೆ ಬಿಟ್ಟ ದನಗಳನ್ನು ನಾವು ದೇವರೆತ್ತು ಎನ್ನುತ್ತೇವೆ. ಹಸು, ಕರು ಎಲ್ಲ ಅದರಲ್ಲೇ ಬಂತು. ಅವನ್ನು ಮಾರುವುದಿಲ್ಲ, ದುಡಿಸುವುದಿಲ್ಲ. ಮೇಯಿಸಿ ಕಾಯುವವನೇ ಕಿಲಾರಿ. ಬೋರಣ್ಣ ಮೀಸೆ ಮೂಡುವ ಮೊದಲೇ ಕಿಲಾರಿಯ ಕೋಲು ಹಿಡಿದವನು. ಮದುವೆ ಬೇಡವೆಂದ. ಊಟಕ್ಕೆ ನಮ್ಮ ಮನೆಗೆ ಬರುತ್ತಾನೆ. ಮನೆಯಲ್ಲಿ ನಾವು ತೆಲುಗು ಬೆರೆಸಿ ಮಾತಾಡುವವರು, ಹಾಗಾಗಿ ನಾನು ಅವನಿಗೆ ಅತ್ತಿಗೆಯಲ್ಲ, ವದಿನ.

ಹೋದ ಬೇಸಿಗೆಯಲ್ಲಿ ಉಳ್ಳಾರ್ತಿ ಕಾವಲಿನ ಕಡೆ ಹುಲ್ಲು ಮುಗಿಯಿತು. ದನಗಳನ್ನು ಸಿದ್ದಾಪುರದ ಗುಡ್ಡದ ಕಡೆ ಹೊಡೆಯಬೇಕೆಂದು ಹಟ್ಟಿಯವರು ಗೊತ್ತು ಮಾಡಿದರು. ಆಗಲೇ ಇನ್ನೂ ಗಬ್ಬವಾಗದ ಒಂದು ಕಡಸು ಬಂಡೆಯ ಸಂದಿಗೆ ಸಿಕ್ಕಿ ಮುಂಗಾಲು ಮುರಿದುಕೊಂಡಿತು. ದನದ ಡಾಕ್ಟರು ಪಟ್ಟಿ ಕಟ್ಟಿ, ಇದನ್ನು ನಡೆಸಬೇಡಿ ಅಂದರು. ಹೆಗಲ ಮೇಲೆ ಹೊರೋಣವೆಂದರೆ ಎಳೆಗರುವಲ್ಲ, ಬಲಿತಿತ್ತು. ಗೂಡ್ಸ್ ಆಟೋದಲ್ಲಿ ಮುಂದೆ ಕಳಿಸಿದರೆ ಅಲ್ಲಿ ನೋಡುವವರಿಲ್ಲ. ದನಗಳು ದಾರಿಯುದ್ದ ಮೇಯುತ್ತ ಅಲ್ಲಿಗೆ ಮುಟ್ಟಲು ದಿನಗಳೇ ಬೇಕು. ಹಟ್ಟಿಯಲ್ಲಿ ಬಿಟ್ಟರೆ ಅದು ಬೋರಣ್ಣನ ಕೈಯಲ್ಲದೆ ಬೇರೆಯವರ ಕೈಯಿಂದ ನೀರನ್ನೂ ಕುಡಿಯುತ್ತಿರಲಿಲ್ಲ.

ಹಿರಿಯರು ಕೂತು, ನೀನು ಕಡಸಿನ ಜೊತೆ ಇಲ್ಲೇ ಇರು, ಕೋಲನ್ನು ದೊಡ್ಡೀರಪ್ಪನಿಗೆ ಕೊಡು ಎಂದರು. ದೊಡ್ಡೀರಪ್ಪ ಅವನ ಜೊತೆಯ ಕಿಲಾರಿ, ವಯಸ್ಸಿನಲ್ಲಿ ಚಿಕ್ಕವನು. ಒಮ್ಮೆ ಕೈಬಿಟ್ಟ ಕೋಲು ಮತ್ತೆ ಬರುವುದಿಲ್ಲವೆಂದು ಬೋರಣ್ಣನಿಗೂ ಗೊತ್ತು, ನನಗೂ ಗೊತ್ತು. ಆವತ್ತು ಅವನು ಉಣ್ಣಲಿಲ್ಲ.

ಮಾರನೆಯ ದಿನ ಬಂದು ನನ್ನ ಗಂಡನ ಸೈಕಲ್ ಕೇಳಿದ. ಚಳ್ಳಕೆರೆಯಲ್ಲಿ ಸೈಕಲ್ ಶಾಪ್ ಇಟ್ಟಿರುವ ಪಾಲಾಕ್ಷ, ನೀರಿನ ಕ್ಯಾನು ಸಾಗಿಸಲೆಂದು ಎರಡು ಚಕ್ರದ ಟ್ರಾಲಿ ಮಾಡಿಟ್ಟಿದ್ದ. ಅದನ್ನು ಸೈಕಲ್ಲಿನ ಹಿಂದೆ ಕಟ್ಟಿ, ಕಡಸನ್ನು ಮಲಗಿಸಿಕೊಂಡು ದನಗಳ ಬೆನ್ನಿಗೇ ಹೋಗುವುದೆಂದು ಬೋರಣ್ಣ ಯೋಚಿಸಿದ್ದ.

ಪಾಲಾಕ್ಷ ಬಂದು ನಮ್ಮ ಬಾಗಿಲ ಮುಂದಿನ ಬೇವಿನ ಮರದಡಿ ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿದ. ಟ್ರಾಲಿಯ ಮೂತಿಯಲ್ಲಿ ತೂತಿರುವ ಕಬ್ಬಿಣದ ಪಟ್ಟಿಯಿತ್ತು. ಆ ತೂತು ಹಿಂದಿನ ಚಕ್ರದ ಆಕ್ಸಲ್ಲಿಗೆ ಕೂತು, ಅದರ ಮೇಲೆ ನಟ್ಟು ಬೀಳಬೇಕು. ಕೂರಿಸಿ ನೋಡಿದರೆ ನಟ್ಟು ಹಿಡಿಯುವಷ್ಟು ತುದಿ ಹೊರಗುಳಿಯಲಿಲ್ಲ. ಹಳೆಯ ಆಕ್ಸಲ್ ತೆಗೆದು ಉದ್ದದ್ದು ಹಾಕಬೇಕು ಎಂದ. ಚೈನು ಇಳಿಸಿ ಚಕ್ರ ಬಿಚ್ಚಿದ. ಒಂದು ಕಡೆಯ ನಟ್ಟು ತೆಗೆದು, ಅದರ ಕೆಳಗೆ ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ಕೋನು ಸಡಿಲಿಸಿ, ಗುಂಡು ಉದುರ್ತಾವೆ ತಟ್ಟೆ ಹಿಡೀರಿ ಅವ್ವಾ ಎಂದ. ತಟ್ಟೆಗೆ ಬಟ್ಟೆ ಹಾಸಿ ಹಿಡಿದೆ. ಬಟ್ಟೆ ಇಲ್ಲದಿದ್ದರೆ ಗುಂಡು ಪುಟಿದು ಮಣ್ಣು ಸೇರುತ್ತದೆ. ಆಕ್ಸಲ್ ಎಳೆದಾಗ ಕಪ್ಪು ಗ್ರೀಸಿನ ಜೊತೆ ಎಲ್ಲ ಬಂದು ಬಿದ್ದವು.

ಬೋರಣ್ಣ ಬಗ್ಗಿ ಗ್ರೀಸನ್ನು ನೋಡಿ, "ಇದನ್ನ ಯಾತರಿಂದ ಮಾಡ್ತಾರಲೇ?" ಎಂದು ಕೇಳಿದ.

"ಯಾರಿಗ್ಗೊತ್ತು ಮಾವ. ಎಣ್ಣೆಯೋ, ದನದ ಕೊಬ್ಬೋ. ನಾವೇನು ತಿನ್ನಬೇಕಾ?"

ಬೋರಣ್ಣ ಅವನ ಮಣಿಕಟ್ಟು ಹಿಡಿದುಬಿಟ್ಟ. ಗುಂಡುಗಳನ್ನೂ ಅವು ಕೂರುವ ಚಕ್ರದ ಗುಂಬವನ್ನೂ ಡೀಸೆಲ್ಲಿನಲ್ಲಿ ತೊಳೆಸಿದ. ಆಮೇಲೆ ಹೋಗಿ, ದೇವರ ದೀಪಕ್ಕೆಂದು ಇಟ್ಟಿದ್ದ ತುಪ್ಪದ ಗಿಂಡಿ ತಂದು ಮುಂದಿಟ್ಟ.

"ಮಾವ, ಇದು ಹೋಳಿಗೆಯಲ್ಲ, ಚಕ್ರ. ಬಿಸಿಲಿಗೆ ನೀರಾಗಿ ಹರಿದುಹೋಗ್ತೈತೆ."

"ಹರೀಲಿ. ಮತ್ತೆ ಹಾಕ್ತೀನಿ."

ಪಾಲಾಕ್ಷ ಗೊಣಗುತ್ತಲೇ ತುಪ್ಪ ಮೆತ್ತಿ ಗುಂಡು ಜೋಡಿಸಿ, ಉದ್ದದ ಆಕ್ಸಲ್ ತೂರಿಸಿದ. ಕೋನನ್ನು ಬಿಗಿಯೂ ಅಲ್ಲ, ಸಡಿಲವೂ ಅಲ್ಲ ಎನ್ನುವಂತೆ ತಿರುಗಿಸಿದ. ಪಟ್ಟಿ ಕೂತಿತು, ನಟ್ಟು ಬಿತ್ತು. ಗೋಣಿಚೀಲದ ಮೇಲೆ ಕಡಸು ಮಲಗಿತು. ದನಗಳು ಹೊರಟವು, ಕೋಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೋರಣ್ಣನೂ ಹೊರಟ.

ಮೊದಲ ರಾತ್ರಿ ತಂಗಿದ ಕಡೆ ನಾಯಿಗಳು ಬಂದು ಚಕ್ರ ನೆಕ್ಕಿದವಂತೆ. ಇರುವೆ ಸಾಲು ಹಿಡಿದವಂತೆ. ಒಗ್ಗರಣೆ ಒಂದು ಬಾಕಿ ಎಂದು ದೊಡ್ಡೀರಪ್ಪ ಆಡಿಕೊಂಡನಂತೆ. ಇದನ್ನೆಲ್ಲ ಬೋರಣ್ಣನೇ ಫೋನಿನಲ್ಲಿ ನಗುತ್ತ ಹೇಳಿದ್ದ. ಮರುದಿನ ಬಿಸಿಲೇರಿದ ಮೇಲೆ ಮತ್ತೆ ಫೋನು ಬಂತು. ಧ್ವನಿ ಇಳಿದಿತ್ತು.

"ವದಿನಾ, ಚಕ್ರ ತಿರುಗ್ತಿಲ್ಲ. ದನ ಮುಂದಕ್ಕೆ ಹೋದವು."

ಪಾಲಾಕ್ಷನಿಗೆ ಸುದ್ದಿ ಮುಟ್ಟಿಸಿ, ಅವನ ಟಿವಿಎಸ್ ಗಾಡಿಯಲ್ಲಿ ಹಿಂದೆ ಕೂತು ಹೋದೆ. ಬೋರಣ್ಣ ಜಾಲಿ ಮರದ ತೆಳು ನೆರಳಿನಲ್ಲಿ, ಟವೆಲನ್ನು ನೀರಿನಲ್ಲಿ ನೆನೆಸಿ ಕಡಸಿನ ತಲೆಗೆ ಹಾಕಿ ಕೂತಿದ್ದ. ಬಿಚ್ಚಿ ನೋಡಿದರೆ ತುಪ್ಪವೆಲ್ಲ ಸೋರಿ, ಉಳಿದದ್ದಕ್ಕೆ ಧೂಳು ಕಲಸಿ ಕೆಸರಾಗಿತ್ತು. ಕೋನು ಸವೆದಿತ್ತು, ಗುಂಡು ಒಡೆದಿದ್ದವು. ಪಾಲಾಕ್ಷ ಹೊಸ ಸಾಮಾನು ತಂದಿದ್ದ. ಗ್ರೀಸಿನ ಡಬ್ಬಿಯನ್ನೂ ತಂದಿದ್ದ. ಅದನ್ನು ಕೆಳಗಿಟ್ಟನೇ ಹೊರತು ಮುಚ್ಚಳ ತೆಗೆಯಲಿಲ್ಲ. ಅವತ್ತು ತಮಾಷೆಗೆ ಅಂದದ್ದು ಮಾವ ಎಂದ.

"ಹಂಗಾದ್ರೆ ಇದ್ರಾಗೆ ಕೊಬ್ಬಿಲ್ಲ ಅಂತ ಆಣೆ ಮಾಡು."

ಪಾಲಾಕ್ಷ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು.

"ನಂಗೂ ಗೊತ್ತಿಲ್ಲ ಮಾವ. ಗೊತ್ತಿಲ್ಲದ್ದಕ್ಕೆ ಹೆಂಗೆ ಆಣೆ ಮಾಡ್ಲಿ?"

ಬೋರಣ್ಣ ದನಗಳು ಹೋದ ದಿಕ್ಕಿಗೆ ನೋಡಿದ. ಧೂಳೂ ಕಾಣುತ್ತಿರಲಿಲ್ಲ. ಕಡಸು ಎದ್ದು ನಿಲ್ಲಲು ಹೆಣಗಿ ಮತ್ತೆ ಕುಸಿಯಿತು. ಅವನು ಡಬ್ಬಿಯ ಮುಚ್ಚಳ ತೆಗೆದ.

"ನೀನು ಮುಟ್ಟಬೇಡ, ಹೆಂಗೆ ಅಂತ ಹೇಳು. ನಾನೇ ತುಂಬ್ತೀನಿ. ದೋಷ ಇದ್ರೆ ನನ್ನ ಕೈಗಿರ್ಲಿ, ಕಡಸಿಗೆ ಬ್ಯಾಡ."

ಪಾಲಾಕ್ಷ ಹೇಳಿಕೊಟ್ಟ, ಬೋರಣ್ಣ ಗ್ರೀಸು ಮೆತ್ತಿ ಒಂದೊಂದೇ ಗುಂಡನ್ನು ಅದಕ್ಕೆ ಅಂಟಿಸಿದ. ನಾನು ಚಕ್ರ ಅಲುಗದಂತೆ ಹಿಡಿದೆ. ಹೊತ್ತು ಇಳಿಯುವ ಮೊದಲು ಅವನು ದನಗಳನ್ನು ಕೂಡಿಕೊಂಡ.

ಸಿದ್ದಾಪುರದ ಗುಡ್ಡದ ಬುಡದಲ್ಲಿ ಮುಳ್ಳುಬೇಲಿಯ ರೊಪ್ಪ ಕಟ್ಟಿದರು. ರೊಪ್ಪದೊಳಗೆ ದನಗಳ ಜೊತೆಯೇ ಕಿಲಾರಿಗಳೂ ಮಲಗುವುದು ರೂಢಿ. ಗ್ರೀಸು ಮುಟ್ಟಿದ ಕೈಯೆಂದು ಬೋರಣ್ಣ ಒಳಗೆ ಹೋಗಲಿಲ್ಲ. ಯಾರೂ ಅವನನ್ನು ಬೇಡವೆಂದಿರಲಿಲ್ಲ. ಹಗಲೆಲ್ಲ ಮೊದಲಿನಂತೆ ದನ ಮೇಯಿಸಿ, ಸಂಜೆ ಬೇಲಿಯ ಹೊರಗೆ ಕಂಬಳಿ ಹಾಸುತ್ತಿದ್ದ. ಮಳೆ ಬೀಳುವ ತನಕ ಹಾಗೇ ಇದ್ದ.

ಬುತ್ತಿ ಕಟ್ಟಿಕೊಂಡು ನೋಡಲು ಹೋದಾಗ ಕಡಸು ಕುಂಟುತ್ತ ಓಡಾಡುತ್ತಿತ್ತು. ಸಂಜೆ ರೊಪ್ಪಕ್ಕೆ ಸೇರಿಸಿದ ಮೇಲೆ, ಬೋರಣ್ಣ ಕೂತಿದ್ದ ಬದಿಗೇ ಬಂದು ಬೇಲಿಗೆ ಬೆನ್ನು ಕೊಟ್ಟು ಮಲಗಿತು. ಅಲ್ಲಿಯ ಕೊಂಬೆಗಳಲ್ಲಿ ಒಂದು ಮುಳ್ಳೂ ಇರಲಿಲ್ಲ. ಅದರ ಮೈಗೆ ಚುಚ್ಚೀತೆಂದು ಅಷ್ಟನ್ನೂ ಅವನು ಕೈಯಲ್ಲೇ ಮುರಿದು ತೆಗೆದಿದ್ದ.